ಶಾರ್ತ್ರದ ಇಗರ್ಜಿ: ಎರಡು ದರ್ಶನ

ಪ್ಯಾರಿಸ್ ನಗರದ ಮೋಂಪಾರ್ನಾಸ್ ನಿಲ್ದಾಣದಲ್ಲಿ ರೈಲು ಹತ್ತಿ ನೈಋತ್ಯ ದಿಕ್ಕಿಗೆ ಒಂದು ಗಂಟೆಗಿಂತ ತುಸು ಹೆಚ್ಚು ಪ್ರಯಾಣ ಮಾಡಿದರೆ ಶಾರ್ತ್ರ ಎಂಬ ಊರು ಸಿಗುತ್ತದೆ. ಸುತ್ತಲೂ ಬೋಸ್ ಎಂದು ಕರೆಯುವ ಬಯಲುಸೀಮೆ. ಕಣ್ಣು ಹಾಯುವಷ್ಟು ದೂರ ಗೋಧಿಯ ಹೊಲಗಳು. ಆ ಬಯಲಿನ ರಸ್ತೆಯಲ್ಲಿ ಬರುವವರಿಗೆ ಮೊದಲು ಕಾಣುವುದು ಊರಲ್ಲ, ಪೈರಿನ ಮೇಲೆ ಎದ್ದು ನಿಂತ ಎರಡು ಗೋಪುರಗಳು. ಒಂದು ಹನ್ನೆರಡನೆಯ ಶತಮಾನದ್ದು, ಸುಮಾರು 105 ಮೀಟರ್ ಎತ್ತರ, ಅಲಂಕಾರವಿಲ್ಲದ ನಿರಾಡಂಬರ ಶಿಖರ. ಇನ್ನೊಂದು ಅದಕ್ಕಿಂತ ಎತ್ತರ, ಸುಮಾರು 113 ಮೀಟರ್. ಕಲ್ಲನ್ನು ಕಸೂತಿಯಂತೆ ಬಿಡಿಸಿದ ಕೆಲಸ. ಹಳೆಯ ಮರದ ಶಿಖರ 1506ರಲ್ಲಿ ಸಿಡಿಲಿಗೆ ಸಿಕ್ಕಿದ ಮೇಲೆ ಜಾನ್ ದ ಬೋಸ್ ಎಂಬ ಶಿಲ್ಪಿ ಇದನ್ನು ಕಟ್ಟಿದ. ಒಂದೇ ಮುಖಮಂಟಪದ ಎಡಬಲಗಳಲ್ಲಿ ಹೀಗೆ ಒಂದಕ್ಕೊಂದು ಹೋಲದ ಎರಡು ಗೋಪುರಗಳು ನಿಂತಿವೆ. ಈ ಹೋಲದಿರುವಿಕೆಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅದರಿಂದ ನಮಗೆ ಕೆಲಸವಿದೆ.

ನಾನು ಈ ಇಗರ್ಜಿಯನ್ನು ಎರಡು ಬಾರಿ ನೋಡಿದ್ದೇನೆ. 1999ರ ಅಕ್ಟೋಬರಿನಲ್ಲಿ ಒಮ್ಮೆ, 2023ರ ಜೂನಿನಲ್ಲಿ ಇನ್ನೊಮ್ಮೆ. ಎರಡು ಬಾರಿಯೂ ನೋಡಿದ್ದು ಒಂದೇ ಕಟ್ಟಡವೇ ಎಂಬ ಪ್ರಶ್ನೆಯೇ ಈ ಭಾಷಣಕ್ಕೆ ಕಾರಣ.

ಮೊದಲು ಕಟ್ಟಡದ ಪರಿಚಯ ಮಾಡಿಕೊಳ್ಳೋಣ. ಕಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಇಗರ್ಜಿ. ಶಾರ್ತ್ರದ ಈ ಪ್ರಧಾನ ಇಗರ್ಜಿ ಮೇರಿ ಮಾತೆಗೆ ಅರ್ಪಿತವಾದುದು. ನೋತ್ರ್ ದಾಮ್ ಎಂಬ ಹೆಸರಿಗೆ ‘ನಮ್ಮೊಡತಿ’ ಎಂದು ಅರ್ಥ ಹೇಳಬಹುದು. ಮೇರಿ ಮಾತೆ ತೊಟ್ಟಿದ್ದಳೆಂದು ಭಕ್ತರು ನಂಬಿದ ಒಂದು ವಸ್ತ್ರ ಇಲ್ಲಿದೆ. ‘ಬೋಳುತಲೆಯ ಚಾರ್ಲ್ಸ್’ ಎಂದು ಚರಿತ್ರೆಯಲ್ಲಿ ಹೆಸರಾದ ಅರಸ 876ರಲ್ಲಿ ಅದನ್ನು ಇಲ್ಲಿಗೆ ಕೊಟ್ಟನೆಂದು ಪ್ರತೀತಿ. ಆ ವಸ್ತ್ರದ ದರ್ಶನಕ್ಕಾಗಿ ಯಾತ್ರಿಕರು ಬಂದರು; ಯಾತ್ರಿಕರಿಂದ ಜಾತ್ರೆಗಳು ಬೆಳೆದವು; ಜಾತ್ರೆಗಳಿಂದ ಊರು ಬೆಳೆಯಿತು. 1194ರ ಜೂನ್ 10ರಂದು ಬಿದ್ದ ಬೆಂಕಿ ಊರಿನೊಡನೆ ಅಂದಿನ ಇಗರ್ಜಿಯನ್ನೂ ಸುಟ್ಟಿತು. ವಸ್ತ್ರವೂ ಸುಟ್ಟುಹೋಯಿತೆಂದು ಜನ ಎದೆ ಬಡಿದುಕೊಂಡರಂತೆ. ಮೂರು ದಿನ ಕಳೆದ ಮೇಲೆ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಪಾದ್ರಿಗಳು ಅದನ್ನು ಸುರಕ್ಷಿತವಾಗಿ ಹೊರತಂದರೆಂದು ಪರಂಪರೆ ಹೇಳುತ್ತದೆ. ಒಡತಿ ತನಗೆ ಇದಕ್ಕಿಂತ ದೊಡ್ಡ ಮನೆ ಬೇಕೆಂದು ಹೀಗೆ ಸೂಚಿಸಿದ್ದಾಳೆ ಎಂದು ಜನ ಅದನ್ನು ಅರ್ಥಮಾಡಿಕೊಂಡರು. ಕೆಲಸ ಕೂಡಲೇ ಮೊದಲಾಯಿತು. ಮುಖ್ಯಭಾಗಗಳು ಒಂದು ತಲೆಮಾರಿನೊಳಗೆ ಎದ್ದು ನಿಂತವು. 1260ರಲ್ಲಿ ಒಂಬತ್ತನೆಯ ಲೂಯಿ ದೊರೆಯ ಸಮ್ಮುಖದಲ್ಲಿ ಪ್ರತಿಷ್ಠೆ ನಡೆಯಿತು. ಇದನ್ನು ಯೋಜಿಸಿದ ಶಿಲ್ಪಾಚಾರ್ಯನ ಹೆಸರು ಎಲ್ಲಿಯೂ ಉಳಿದಿಲ್ಲ.

ಬೆಂಕಿಯಿಂದ ಉಳಿದದ್ದು ನೆಲಮಾಳಿಗೆ ಮತ್ತು ಪಶ್ಚಿಮದ ಮುಂಭಾಗ. ಅಲ್ಲಿರುವ ಮೂರು ಬಾಗಿಲುಗಳಿಗೆ ‘ರಾಜದ್ವಾರ’ವೆಂದು ಹೆಸರು, ಹನ್ನೆರಡನೆಯ ಶತಮಾನದ ನಡುವಿನ ಕೆಲಸ. ಕಂಬಗಳಿಗೆ ಅಂಟಿ ನಿಂತ, ಕಂಬಗಳಷ್ಟೇ ನೀಳವಾದ ರಾಜರಾಣಿಯರ ವಿಗ್ರಹಗಳಿಗೆ ಈ ಬಾಗಿಲು ಪ್ರಸಿದ್ಧ. ಆದರೆ ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದವಳು ಬಲಗಡೆಯ ಬಾಗಿಲಿನ ಕಮಾನಿನಲ್ಲಿ ಕುಳಿತ ಒಬ್ಬ ಹೆಂಗಸು. ಅವಳ ಕೈಯಲ್ಲಿ ಬೆತ್ತ. ಕಾಲ ಬಳಿ ಇಬ್ಬರು ಹುಡುಗರು. ಅವಳೇ ವ್ಯಾಕರಣವಿದ್ಯೆ! ಮೂವತ್ತೈದು ವರ್ಷ ತರಗತಿಗಳಲ್ಲಿ ಸಂಧಿ ಸಮಾಸಗಳನ್ನು ಹೇಳಿ ಬಂದ ನನಗೆ, ಇಷ್ಟು ದೂರದಲ್ಲಿ ನಮ್ಮ ಕುಲದೇವತೆಯನ್ನು ಕಂಡಂತಾಯಿತು. ಅದೇ ಕಮಾನಿನಲ್ಲಿ ಗಂಟೆಗಳನ್ನು ನುಡಿಸುವ ಸಂಗೀತವಿದ್ಯೆ ಇದ್ದಾಳೆ. ಪ್ರಾಚೀನ ಕಾಲದ ಪಂಡಿತರೂ ಇದ್ದಾರೆ. ದೇವಾಲಯದ ಬಾಗಿಲಿನಲ್ಲಿ ವಿದ್ಯೆಗಳಿಗೇಕೆ ಸ್ಥಾನ? ಹನ್ನೆರಡನೆಯ ಶತಮಾನದಲ್ಲಿ ಶಾರ್ತ್ರದ ವಿದ್ಯಾಪೀಠ ಯೂರೋಪಿನಲ್ಲೇ ಹೆಸರಾಗಿತ್ತು. ಅಲ್ಲಿನ ಗುರು ಬರ್ನಾರ್ಡ್, ನಾವು ಪೂರ್ವಸೂರಿಗಳ ಹೆಗಲೇರಿ ಕುಳಿತ ಕುಳ್ಳರು, ಆದ್ದರಿಂದಲೇ ಅವರಿಗಿಂತ ತುಸು ದೂರ ಕಾಣಬಲ್ಲೆವು ಎಂಬ ಅಭಿಪ್ರಾಯ ಕೊಟ್ಟವನು. ಅದನ್ನು ಬರೆದಿಟ್ಟ ಜಾನ್ ಎಂಬ ಸಾಲಿಸ್‌ಬರಿಯ ವಿದ್ವಾಂಸ ಮುಂದೆ ಇದೇ ಊರಿಗೆ ಬಿಷಪ್ಪನಾಗಿ ಬಂದ. ಇಗರ್ಜಿಯ ದಕ್ಷಿಣ ಬಾಹುವಿನ ಕಿಟಕಿಗಳಲ್ಲಿ ಹೊಸ ಒಡಂಬಡಿಕೆಯ ನಾಲ್ವರು ಸುವಾರ್ತಾಕಾರರು ಹಳೆಯ ಒಡಂಬಡಿಕೆಯ ನಾಲ್ವರು ಪ್ರವಾದಿಗಳ ಹೆಗಲೇರಿ ಕುಳಿತಿದ್ದಾರೆ. ಆ ಚಿತ್ರ ನೋಡಿದಾಗ ಬರ್ನಾರ್ಡನ ಮಾತು ನೆನಪಾಗದೆ ಇರದು.

ಕಿಟಕಿಗಳೆಂದೆ. ಶಾರ್ತ್ರದ ಜೀವವಿರುವುದು ಅವುಗಳಲ್ಲಿಯೇ. ಕಿಟಕಿಗಳಿಗೆ ಇಷ್ಟು ಜಾಗ ದೊರೆತದ್ದು ಹೇಗೆಂಬುದನ್ನು ತಿಳಿದರೆ ಗಾಥಿಕ್ ಶೈಲಿಯ ಮರ್ಮವೇ ತಿಳಿದಂತೆ. ಕಲ್ಲಿನ ಕಮಾನು ಚಾವಣಿ ಕೆಳಕ್ಕೆ ಭಾರ ಹೇರುವುದಲ್ಲದೆ ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಅರ್ಧವೃತ್ತದ ಕಮಾನುಗಳ ಕಾಲದಲ್ಲಿ ಆ ಒತ್ತಡವನ್ನು ತಡೆಯಲು ಗೋಡೆಯನ್ನೇ ದಪ್ಪವಾಗಿ ಕಟ್ಟುತ್ತಿದ್ದರು. ದಪ್ಪ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆಯುವಂತಿರಲಿಲ್ಲ. ಗಾಥಿಕ್ ಶಿಲ್ಪಿಗಳು ಕಮಾನಿಗೆ ಮೊನೆ ಕೊಟ್ಟರು. ಮೊನೆಗಮಾನು ಭಾರವನ್ನು ಹೆಚ್ಚು ನೇರವಾಗಿ ಕೆಳಗಿಳಿಸುತ್ತದೆ. ಚಾವಣಿಯ ಅಡಿ ಪಕ್ಕೆಲುಬಿನಂತೆ ಕಲ್ಲಿನ ಏಣುಗಳನ್ನು ಹಾಯಿಸಿ ಭಾರವನ್ನೆಲ್ಲ ಕೆಲವೇ ಕಂಬಗಳ ಮೇಲೆ ತಂದರು. ಆ ಕಂಬಗಳನ್ನು ಹೊರಗಿನಿಂದ ಒತ್ತಿ ಹಿಡಿಯಲು, ಬೀಳುವ ಗೋಡೆಗೆ ನಾವು ಮರದ ಊರೆ ಕೊಡುವಂತೆ, ಗಾಳಿಯಲ್ಲಿ ಹಾಯ್ದ ಆಸರೆಗಮಾನುಗಳನ್ನು ಕಟ್ಟಿದರು. ಇಷ್ಟಾದ ಮೇಲೆ ಗೋಡೆಗೆ ಹೊರುವ ಕೆಲಸ ಉಳಿಯಲಿಲ್ಲ. ಹೊರುವ ಕೆಲಸವಿಲ್ಲದ ಗೋಡೆಯ ಜಾಗದಲ್ಲಿ ಗಾಜು ಕೂರಿಸಿದರು. ಶಾರ್ತ್ರದ ನಡುವಣ ಅಂಕಣದ ಚಾವಣಿ ನೆಲದಿಂದ ಸುಮಾರು 37 ಮೀಟರ್ ಎತ್ತರದಲ್ಲಿದೆ. ಇಗರ್ಜಿಯ ಉದ್ದ ಸುಮಾರು 130 ಮೀಟರ್. ಇಷ್ಟು ದೊಡ್ಡ ಕಟ್ಟಡದ ಒಳಗೆ ಸುಮಾರು 2,600 ಚದರ ಮೀಟರ್ ಚಿತ್ರಗಾಜು. ಅದರಲ್ಲಿ ಹೆಚ್ಚಿನ ಪಾಲು ಹದಿಮೂರನೆಯ ಶತಮಾನದ ಮೊದಲ ದಶಕಗಳ ಮೂಲಕೃತಿಯೇ ಆಗಿ ಉಳಿದಿದೆ.

ಮರಳು, ಮರದ ಬೂದಿ ಸೇರಿಸಿ ಕರಗಿಸಿದ ಗಾಜಿಗೆ ಲೋಹದ ಭಸ್ಮ ಬೆರೆಸಿ ಬಣ್ಣ ಕಟ್ಟುತ್ತಿದ್ದರು. ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ. ಗಾಜನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಅದರ ಮೇಲೆ ಕಣ್ಣು ಮೂಗು ಬಟ್ಟೆಯ ಮಡಿಕೆಗಳನ್ನು ಬರೆದು, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಗಳಿಂದ ಒಂದನ್ನೊಂದಕ್ಕೆ ಬೆಸೆಯುತ್ತಿದ್ದರು. ಕಥೆ ಹೇಳುವ ಕಿಟಕಿಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲುಗಳಲ್ಲಿ ಹಲವು ಕಡೆ ಊರಿನ ಕಸುಬುದಾರರೇ ಕಾಣುತ್ತಾರೆ: ರೊಟ್ಟಿ ಸುಡುವವರು, ಕಟುಕರು, ಚಮ್ಮಾರರು, ತುಪ್ಪಳದ ವ್ಯಾಪಾರಿಗಳು, ಗಾಡಿಯ ಚಕ್ರ ಮಾಡುವವರು. ಈ ಕಸುಬಿನ ಸಂಘಗಳೇ ಆ ಕಿಟಕಿಗಳನ್ನು ಮಾಡಿಸಿಕೊಟ್ಟವೆಂದು ಬಹುಕಾಲ ನಂಬಿದ್ದರು. ಇತ್ತೀಚಿನ ವಿದ್ವಾಂಸರು ಅದನ್ನು ಸಂಶಯಿಸುತ್ತಾರೆ. ದುಡ್ಡು ಯಾರದೇ ಆಗಿರಲಿ, ಸಂತರ ಕಥೆಯ ಅಡಿಪಾಯದಲ್ಲಿ ಚಪ್ಪಲಿ ಹೊಲಿಯುವವನ ಚಿತ್ರವನ್ನಿಡಲು ಆ ಕಾಲದವರಿಗೆ ಸಂಕೋಚವಾಗಲಿಲ್ಲವೆಂಬುದು ದೊಡ್ಡ ಮಾತಲ್ಲವೆ?

ಇನ್ನು ನನ್ನ ಮೊದಲ ದರ್ಶನದ ಸಂಗತಿ. 1999ರಲ್ಲಿ ಒಂದು ವಿಚಾರಸಂಕಿರಣಕ್ಕೆಂದು ಪ್ಯಾರಿಸಿಗೆ ಹೋಗಿದ್ದವನು ಬಿಡುವಿನ ದಿನ ಒಬ್ಬನೇ ಶಾರ್ತ್ರಕ್ಕೆ ಹೋದೆ. ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಕಣ್ಣು ಕತ್ತಲೆಗಟ್ಟಿತು. ಕಂಬ ಕಾಣದು, ಗೋಡೆ ಕಾಣದು. ಹಲವು ನಿಮಿಷ ನಿಂತ ಮೇಲೆ ಆ ಕಗ್ಗತ್ತಲೆಯಲ್ಲಿ ನೀಲಿ ಕೆಂಪು ಹರಳುಗಳು ತೇಲುತ್ತಿರುವಂತೆ ಕಿಟಕಿಗಳು ಮೂಡಿದವು. ಯಾರೋ ಇರುಳಿಗೆ ರತ್ನಹಾರಗಳನ್ನು ತೂಗುಹಾಕಿದಂತಿತ್ತು. ನನಗೆ ಕಣ್ಣೀರು ಬಂದುದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಊರಿಗೆ ಮರಳಿದ ಮೇಲೆ ಸೌಂದರ್ಯಮೀಮಾಂಸೆಯ ಪಾಠದಲ್ಲಿ ಪ್ರತಿವರ್ಷವೂ ಈ ಅನುಭವವನ್ನು ಹೇಳುತ್ತಿದ್ದೆ. ‘ಗಾಥಿಕ್ ಶಿಲ್ಪಿ ಬೆಳಕನ್ನು ತೋರಿಸಲು ಕತ್ತಲೆಯನ್ನೇ ಕಟ್ಟಿದ, ಆ ಕತ್ತಲೆ ಅವನ ರಚನೆ’ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಇಪ್ಪತ್ತು ವರ್ಷ ಅದನ್ನೇ ಹೇಳಿದೆ. ವಿದ್ಯಾರ್ಥಿಗಳು ಬರೆದುಕೊಂಡರು; ಪರೀಕ್ಷೆಯಲ್ಲಿ ಕೆಲವರು ನನಗೇ ತಿರುಗಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದರು.

2023ರಲ್ಲಿ ಮಗಳ ಮನೆಗೆ ಹೋದವನು ಒಂಬತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಮತ್ತೆ ಶಾರ್ತ್ರಕ್ಕೆ ಹೋದೆ. ರೈಲಿನಲ್ಲಿ ಆ ಕತ್ತಲೆಯ ವರ್ಣನೆಯನ್ನು ಅವಳಿಗೂ ಒಪ್ಪಿಸಿದ್ದಾಯಿತು. ಒಳಗೆ ಹೋದೆವು. ಚಾವಣಿಯವರೆಗೂ ಗೋಡೆಗಳು ಕೆನೆಯ ಬಣ್ಣಕ್ಕೆ ಬೆಳಗುತ್ತಿದ್ದವು. ಕಲ್ಲಿನ ಏಣುಗಳು, ಬಿಳಿಯ ಗೆರೆಗಳು ಒಂದೊಂದೂ ಸ್ಪಷ್ಟ. ಮಗು ಸುತ್ತಲೂ ನೋಡಿ, “ತಾತ, ಕತ್ತಲೆ ಎಲ್ಲಿ?” ಎಂದಳು. ಉತ್ತರ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಯಾರೋ ನನ್ನ ಮನೆಗೆ ನನ್ನನ್ನು ಕೇಳದೆ ಸುಣ್ಣ ಬಳಿದಿದ್ದಾರೆ ಎಂಬಂಥ ಸಿಟ್ಟೂ ಬಂದಿತು.

ನಡೆದದ್ದಿಷ್ಟು. 2009ರಿಂದ ಫ್ರೆಂಚ್ ಸರ್ಕಾರ ಇಗರ್ಜಿಯ ಒಳಭಾಗವನ್ನು ಶುಚಿಗೊಳಿಸುವ ಕೆಲಸ ಕೈಗೊಂಡಿತು. ಶತಮಾನಗಳ ಮೇಣದ ಬತ್ತಿಗಳ ಹೊಗೆ, ಧೂಳು, ಬೆಂಕಿಯ ಕಿಟ್ಟ, ಈಚಿನ ಕಾಲದಲ್ಲಿ ಕಟ್ಟಡ ಬೆಚ್ಚಗಿಡಲು ಉರಿಸಿದ ಇಂಧನದ ಮಸಿ, ಎಲ್ಲವೂ ಪದರ ಪದರವಾಗಿ ಕೂತಿದ್ದವು. ಮಸಿಯನ್ನು ತೆಗೆದಾಗ ಅದರಡಿಯಲ್ಲಿ ಹದಿಮೂರನೆಯ ಶತಮಾನದ ಗಾರೆಯ ಲೇಪ ಬಹುಭಾಗದಲ್ಲಿ ಉಳಿದಿರುವುದು ಕಂಡಿತು. ತಿಳಿಹಳದಿಯ ಮಣ್ಣುಬಣ್ಣ, ಅದರ ಮೇಲೆ ಕಲ್ಲಿನ ಸಂದುಗಳಂತೆ ಎಳೆದ ಬಿಳಿಯ ಗೆರೆಗಳು. ಎಂದರೆ, ಕಟ್ಟಿದವರ ಕಾಲದಲ್ಲಿ ಶಾರ್ತ್ರದ ಗೋಡೆಗಳು ಬೆಳ್ಳಗಿದ್ದವು! ನಾನು ಶಿಲ್ಪಿಯ ರಚನೆಯೆಂದು ಕೊಂಡಾಡಿದ ಕತ್ತಲೆ ಮಸಿಯ ರಚನೆಯಾಗಿತ್ತು.

ಈ ಕೆಲಸವನ್ನು ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ವಾಸ್ತುವಿಮರ್ಶಕ ಮಾರ್ಟಿನ್ ಫಿಲ್ಲರ್ 2014ರಲ್ಲಿ ಇದನ್ನು ಉಗ್ರವಾಗಿ ಖಂಡಿಸಿ ಬರೆದ. ಗೋಡೆ ಬೆಳಗಿದರೆ ಗಾಜು ಮಂಕಾಗುತ್ತದೆ. ಉಳಿದ ಚೂರುಪಾರು ಲೇಪವನ್ನು ಶುಚಿಗೊಳಿಸುವುದು ಒಂದು, ಇಲ್ಲದೆಡೆ ಹೊಸದಾಗಿ ತುಂಬುವುದು ಇನ್ನೊಂದು. ಕಾಲವೂ ಒಂದು ಕಟ್ಟಡದ ಭಾಗವೇ, ಅದನ್ನು ಅಳಿಸುವ ಅಧಿಕಾರ ಯಾರಿಗಿದೆ? ವಿರೋಧಿಗಳ ವಾದ ಈ ಬಗೆಯದು. ಗಾಜನ್ನೂ ಗೋಡೆಯನ್ನೂ ಮೂಲದವರು ಒಟ್ಟಿಗೇ ಯೋಚಿಸಿದ್ದರು, ಒಂದನ್ನು ತೊಳೆದು ಇನ್ನೊಂದನ್ನು ಕೊಳಕಾಗಿ ಬಿಡುವುದು ನ್ಯಾಯವಲ್ಲವೆಂದು ಕೆಲಸದ ಪರವಾಗಿದ್ದವರ ಉತ್ತರ. ಹೆಚ್ಚು ನೋವುಂಟುಮಾಡಿದ್ದು ‘ಕಂಬದ ಒಡತಿ’ಯ ಪ್ರಸಂಗ. ಹದಿನಾರನೆಯ ಶತಮಾನದ ಈ ಮರದ ವಿಗ್ರಹವನ್ನು ಯಾತ್ರಿಕರು ತಲೆಮಾರುಗಳಿಂದ ಕಪ್ಪುಮಾತೆಯೆಂದು ಪೂಜಿಸಿದ್ದರು. ಕಪ್ಪು ಮಸಿಯದೆಂದು ತೀರ್ಮಾನಿಸಿ ಶುಚಿಗೊಳಿಸಿದಾಗ ಅವಳು ಗೌರವರ್ಣದ, ಕೆಂಗೆನ್ನೆಯ ತಾಯಿಯಾದಳು. ತಾವು ಬೇಡಿಕೊಂಡಿದ್ದ ಮುಖ ಎಲ್ಲಿಗೆ ಹೋಯಿತೆಂದು ಕೇಳಿದ ಭಕ್ತರಿಗೆ ವಿಜ್ಞಾನದ ಉತ್ತರ ಸಾಕಾಗಲಿಲ್ಲ.

ಅಂದು ಇಗರ್ಜಿಯ ಕುರ್ಚಿಯೊಂದರಲ್ಲಿ ಕುಳಿತಾಗ ನನಗೆ ನೆನಪಾದದ್ದು ನನ್ನದೇ ಒಂದು ಹಳೆಯ ಪ್ರಕರಣ. ಚಿಕ್ಕ ವಯಸ್ಸಿನಲ್ಲಿ ಒಂದು ಷಟ್ಪದಿ ಕಾವ್ಯವನ್ನು ಮೂರು ಓಲೆಪ್ರತಿಗಳ ಆಧಾರದಿಂದ ಸಂಪಾದಿಸಿದ್ದೆ. ಜನರ ಬಾಯಲ್ಲಿ ಬಹಳ ಪ್ರೀತಿಯಿಂದ ಉಳಿದ ಒಂದು ಪದ್ಯ ಅತ್ಯಂತ ಹಳೆಯ ಪ್ರತಿಯಲ್ಲಿ ಇರಲಿಲ್ಲ, ಭಾಷೆಯೂ ಈಚಿನದು. ಪ್ರಕ್ಷಿಪ್ತವೆಂದು ನಿರ್ಣಯಿಸಿ ಅದನ್ನು ಮೂಲದಿಂದ ತೆಗೆದು ಅಡಿಟಿಪ್ಪಣಿಗೆ ಇಳಿಸಿದೆ. ಪುಸ್ತಕ ಹೊರಬಂದ ಮೇಲೆ ನಮ್ಮೂರಿನ ವೃದ್ಧ ಗಮಕಿಗಳೊಬ್ಬರು ಮನೆಗೆ ಬಂದರು. ಕಾಫಿಯನ್ನೂ ಮುಟ್ಟದೆ ಹೇಳಿದರು: “ಮೇಷ್ಟ್ರೇ, ಆ ಪದ್ಯ ಕವಿಯದಲ್ಲ ಅಂತೀರಿ, ಒಪ್ಪಿದೆ. ಐವತ್ತು ವರ್ಷ ಹಾಡಿದ್ದೀನಿ, ನನ್ನದಂತೂ ಹೌದಲ್ಲ?” ಆಗ ನಾನು ಪಾಠಾಂತರದ ಶಾಸ್ತ್ರವನ್ನು ಅವರಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು ಎದ್ದು ಹೋದರು. ಶಾರ್ತ್ರದಲ್ಲಿ ನಾನು ಆ ಗಮಕಿಗಳ ಜಾಗದಲ್ಲಿ ಕುಳಿತಿದ್ದೆ.

ಆದರೂ ಸಂಪಾದಕನ ಬುದ್ಧಿ ಸುಮ್ಮನಿರದು. ಎದ್ದು ಮತ್ತೆ ಸುತ್ತಿ ನೋಡಿದೆ. ತೊಳೆದವರು ಏನನ್ನು ತೆಗೆದಿದ್ದಾರೆ, ಏನನ್ನು ಉಳಿಸಿದ್ದಾರೆ ಎಂದು ಗಮನಿಸಿದೆ. ಮೂಲಪಾಠವೊಂದೇ ಬೇಕೆನ್ನುವವರು 1506ರ ಸಿಡಿಲಿನ ಅನಂತರದ ಗೋಪುರವನ್ನೂ ಕೆಡವಬೇಕಿತ್ತು. ಪೂಜಾಭಾಗವನ್ನು ಸುತ್ತುವರಿದ ಶಿಲ್ಪಭಿತ್ತಿ ಹದಿನಾರನೆಯ ಶತಮಾನದಲ್ಲಿ ಮೊದಲಾಗಿ ಹದಿನೆಂಟನೆಯ ಶತಮಾನದವರೆಗೂ ಬೆಳೆದುದು, ಅದನ್ನೂ ತೆಗೆಯಬೇಕಿತ್ತು. ಹದಿನೆಂಟನೆಯ ಶತಮಾನದವರು ಪೂಜಾಭಾಗಕ್ಕೆ ಹೊದಿಸಿದ ಅಮೃತಶಿಲೆಯ ಅಲಂಕಾರ, 1836ರ ಬೆಂಕಿಯಲ್ಲಿ ಚಾವಣಿಯ ಮೇಲಣ ಮರದ ಮಾಡು ಸುಟ್ಟಾಗ ಅದರ ಬದಲಿಗೆ ನಿಲ್ಲಿಸಿದ ಕಬ್ಬಿಣದ ಮಾಡು, ಅದರ ಮೇಲೆ ಹಸಿರುಗಟ್ಟಿದ ತಾಮ್ರದ ತಗಡು, ಇವೆಲ್ಲ ಪ್ರಕ್ಷಿಪ್ತಗಳೇ. ಒಂದನ್ನೂ ಮುಟ್ಟಿಲ್ಲ. ದಕ್ಷಿಣದ ಪ್ರದಕ್ಷಿಣಾಪಥದಲ್ಲಿ ‘ಚೆಲುಗಾಜಿನ ತಾಯಿ’ ಎಂದು ಕನ್ನಡಿಸಬಹುದಾದ ಹೆಸರಿನ ಕಿಟಕಿಯಿದೆ. ಕೆಂಪು ಹಿನ್ನೆಲೆಯಲ್ಲಿ ತಿಳಿನೀಲಿ ಉಟ್ಟು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಿಯ ಚಿತ್ರ ಸುಮಾರು 1180ರದು. 1194ರ ಬೆಂಕಿಯನ್ನು ದಾಟಿ ಬಂದುದು. ಸುತ್ತಲಿನ ದೇವದೂತರು ಹದಿಮೂರನೆಯ ಶತಮಾನದವರು. ಹಳೆಯ ಪದ್ಯವೊಂದನ್ನು ಹೊಸ ಕವಿ ತನ್ನ ಕಾವ್ಯದ ನಡುವೆ ಗೌರವದಿಂದ ಕೂರಿಸಿದಂತೆ! ಹೀಗೆ ಒಂದು ಕೈಯ ಮೇಲೆ ಇನ್ನೊಂದು ಕೈ ಕೆಲಸ ಮಾಡಿರುವುದೇ ಈ ಕಟ್ಟಡ. ಒಂದಕ್ಕೊಂದು ಹೋಲದ ಎರಡು ಗೋಪುರಗಳನ್ನು ನೆನಪಿಡಿರೆಂದು ಮೊದಲಿಗೇ ಕೇಳಿದ್ದು ಇದಕ್ಕಾಗಿ.

ಅಲ್ಲಿಗೆ ನನಗೊಂದು ಭೇದ ಹೊಳೆಯಿತು. ಮನುಷ್ಯ ಬರೆದು ಸೇರಿಸಿದ್ದು ಬೇರೆ, ಧೂಳು ತಾನಾಗಿ ಕೂತದ್ದು ಬೇರೆ. ಮೊದಲನೆಯದನ್ನು ಅದರ ಕಾಲ ಗುರುತಿಸಿ ಉಳಿಸಿಕೊಳ್ಳಬೇಕು, ಎರಡನೆಯದನ್ನು ತೆಗೆಯಬಹುದು. ಈ ಸೂತ್ರದಂತೆ ನಾನು ಆ ಗಮಕಿಗಳ ಪದ್ಯದ ವಿಷಯದಲ್ಲಿ ತಪ್ಪಿದ್ದೆ. ಅದು ಧೂಳಲ್ಲ, ಹೆಸರಿಲ್ಲದ ಇನ್ನೊಬ್ಬ ಕವಿಯ ಕೈ. ಆದರೆ ಈ ಸೂತ್ರವೂ ಎಲ್ಲ ಕಡೆ ಸಲ್ಲುವುದಿಲ್ಲವೆಂದು ಕಪ್ಪುಮಾತೆಯನ್ನು ನೆನೆದಾಗ ತೋರುತ್ತದೆ. ಅವಳ ಮುಖದ ಮಸಿ ಧೂಳೇ ಸರಿ. ಆದರೆ ಆ ಮಸಿ ಬಂದದ್ದು ಹರಕೆ ಹೊತ್ತವರು ಹಚ್ಚಿದ ಬತ್ತಿಗಳಿಂದ. ಅದನ್ನು ಧೂಳೆನ್ನೋಣವೆ, ಬರವಣಿಗೆ ಎನ್ನೋಣವೆ? ಅಲ್ಲಿ ನಾನು ನಿರ್ಣಯ ಕೊಡಲಾರೆ.

ಇಷ್ಟೆಲ್ಲ ಚರ್ಚೆಗೆ ಇಂದು ಗಾಜು ಉಳಿದಿರುವುದೇ ಒಂದು ಸುಕೃತ. 1939ರಲ್ಲಿ ಯುದ್ಧ ಹತ್ತಿರ ಬಂದಾಗ ಕಿಟಕಿಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿ ನೆಲಮಾಳಿಗೆಯಲ್ಲಿಟ್ಟರು. ಅನಂತರ ದಕ್ಷಿಣದ ದೋರ್ದೋಞ್ ಪ್ರಾಂತದ ಕಲ್ಲುಗಣಿಯೊಂದಕ್ಕೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಅವು ತಮ್ಮ ತಮ್ಮ ಸ್ಥಾನಕ್ಕೆ ಮರಳಿದವು. 1944ರ ಆಗಸ್ಟಿನಲ್ಲಿ ಗೋಪುರಗಳಲ್ಲಿ ಜರ್ಮನ್ ಸೈನಿಕರು ಅಡಗಿದ್ದಾರೆಂಬ ಸಂಶಯದಿಂದ ಅಮೆರಿಕದ ಪಡೆ ಇಗರ್ಜಿಯ ಮೇಲೆ ಫಿರಂಗಿ ತಿರುಗಿಸುವುದರಲ್ಲಿತ್ತು. ವೆಲ್‌ಬರ್ನ್ ಗ್ರಿಫಿತ್ ಎಂಬ ಕರ್ನಲ್ ತಾನೇ ಒಳಗೆ ಹೋಗಿ ನೋಡಿ, ಅಲ್ಲಿ ಯಾರೂ ಇಲ್ಲವೆಂದು ತಿಳಿಸಿದ, ಇಗರ್ಜಿ ಉಳಿಯಿತು. ಅದೇ ದಿನ, ಆಗಸ್ಟ್ 16ರಂದು, ಪಕ್ಕದ ಲೇವ್ ಎಂಬ ಊರಿನಲ್ಲಿ ಅವನು ಗುಂಡಿಗೆ ಬಲಿಯಾದ. ಅವನು ಉಳಿಸಿದ್ದು ಮಸಿ ಹಿಡಿದ ಇಗರ್ಜಿಯನ್ನು.

ನೋಡಲು ಹೋಗುವವರಿಗೆ ಒಂದೆರಡು ಮಾತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಹೋಗಿ. ಬಿಸಿಲು ಪೂರ್ವದಿಂದ ಪಶ್ಚಿಮಕ್ಕೆ ಸರಿದಂತೆ ಕಿಟಕಿಗಳ ಸರದಿ ಬದಲಾಗುತ್ತದೆ. ಉತ್ತರದ ದುಂಡುಕಿಟಕಿಯಲ್ಲಿ ಬ್ಲಾಂಚ್ ರಾಣಿಯ ಕೋಟೆಲಾಂಛನಗಳನ್ನು ಹುಡುಕಿ, ದೂರದರ್ಶಕವಿದ್ದರೆ ಒಳ್ಳೆಯದು. ನೆಲದ ಮೇಲೆ ಸುಮಾರು 13 ಮೀಟರ್ ಅಗಲದ ಚಕ್ರವ್ಯೂಹವಿದೆ. ಬಹುಪಾಲು ದಿನ ಕುರ್ಚಿಗಳ ಅಡಿ ಅಡಗಿರುತ್ತದೆ. ತೆರೆದಿದ್ದ ದಿನ ಹೋದರೆ ನಡೆದು ನೋಡಿ. ಸುತ್ತಿ ಸುತ್ತಿ ನಡುವನ್ನು ಮುಟ್ಟುವ ಹೊತ್ತಿಗೆ ಕಾಲು ಕಿಲೋಮೀಟರಿಗೂ ಹೆಚ್ಚು ನಡೆದಿರುತ್ತೀರಿ. ದಾರಿ ಒಂದೇ, ಕವಲಿಲ್ಲದ್ದರಿಂದ ತಪ್ಪುವ ಭಯವಿಲ್ಲ.

ಅಂದು ಸಂಜೆ ನಾವು ಹೊರಡುವ ಮುನ್ನ ಪಶ್ಚಿಮದ ಬಿಸಿಲು ಗಾಜಿನಿಂದ ಇಳಿದು ತೊಳೆದ ಕಂಬಗಳ ಮೇಲೆ ನೀಲಿಯ, ಕೆಂಪಿನ ಮಚ್ಚೆಗಳಾಗಿ ಹರಡಿತು. 1999ರಲ್ಲಿ ನಾನು ಇದನ್ನು ಕಂಡಿರಲಿಲ್ಲ. ಕಪ್ಪು ಗೋಡೆ ಆ ಬಣ್ಣವನ್ನು ಕುಡಿದುಬಿಡುತ್ತಿತ್ತೆಂದು ತೋರುತ್ತದೆ. ಮೊಮ್ಮಗಳು ಒಂದು ಕಂಬದ ಬಳಿ ನಿಂತು, ತನ್ನ ಬಿಳಿಯ ಅಂಗಿಯ ತೋಳು ನೀಲಿಯಾಗುವುದನ್ನು ನೋಡುತ್ತಿದ್ದಳು. ಅವಳಿಗೆ ಶಾರ್ತ್ರವೆಂದರೆ ಇದೇ.

ಊರಿಗೆ ಬಂದ ಮೇಲೆ ನನ್ನ ಹಳೆಯ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದೆ. ಕತ್ತಲೆಯ ಕುರಿತ ಆ ವಾಕ್ಯದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಸಂಗತಿಯನ್ನೂ 2023 ಎಂಬ ವರ್ಷವನ್ನೂ ಬರೆದೆ. ಹಳೆಯ ವಾಕ್ಯವನ್ನು ಪೂರ್ತಿ ಅಳಿಸಲಿಲ್ಲ. ಗೆರೆಯ ಅಡಿಯಲ್ಲಿ ಅದನ್ನು ಈಗಲೂ ಓದಬಹುದು.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)